ಹೃದಯದ ಎರಡು ಖಾಲಿ ಕೋಣೆಗಳು

"ಮನೇಲಿ ಇವನ ಪಕ್ಕ ಸ್ವಲ್ಪ ಕೂತ್ಕೊಳ್ಳಿ ಸಾರ್" ಎಂದು ವಿಜ್ಞಾನದ ಮೇಡಂ ಅಪ್ಪನಿಗೆ ಹೇಳಿದ್ದೇ ನನ್ನ ಗ್ರಹಚಾರಕ್ಕೆ ಮೂಲ. ಒಂಬತ್ತನೇ ಕ್ಲಾಸಿನ ಎರಡು ಟೆಸ್ಟಿನಲ್ಲೂ ನಾನು ವಿಜ್ಞಾನದಲ್ಲಿ ಫೇಲ್. ಕೊನೆಯ ಪರೀಕ್ಷೆಯೂ ಹೋದರೆ ಹತ್ತಕ್ಕೆ ಹತ್ತಿಸುವುದಿಲ್ಲ ಎಂದಿದ್ದರು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮನುಷ್ಯ ಅಪ್ಪ. ಮಾರನೇ ದಿನದಿಂದಲೇ ಬಂದು ಕೂತ.

ಅಬ್ಬಿಗೆರೆಯ ನಮ್ಮ ಮನೆಯ ಹಾಲಿನಲ್ಲಿ ಅವನಿಗೆ ಪ್ಲಾಸ್ಟಿಕ್ ಕುರ್ಚಿ, ನನಗೆ ಚಾಪೆ. ಜಾಲಹಳ್ಳಿ ಕಡೆಯ ಕಾರ್ಖಾನೆಯಲ್ಲಿ ಅವನದು ಫಸ್ಟ್ ಶಿಫ್ಟ್. ಬೆಳಿಗ್ಗೆ ಆರಕ್ಕೆ ಮಿಷನ್ ಮುಂದೆ ನಿಂತರೆ ಎರಡರ ತನಕ ನಿಂತೇ ಇರಬೇಕು. ಸಂಜೆಯ ಹೊತ್ತಿಗೆ ಕಾಲು ಊದಿಕೊಂಡಿರುತ್ತಿತ್ತು. ಅವ್ವ ಬಿಸಿನೀರಿನ ಬಕೆಟ್ ತಂದಿಡುತ್ತಿದ್ದಳು. ಬಕೆಟ್ಟಿನಲ್ಲಿ ಕಾಲು, ನನ್ನ ಮೇಲೆ ಕಣ್ಣು.

ಅಪ್ಪ ಓದಿದ್ದು ಏಳನೇ ಕ್ಲಾಸು, ಕನ್ನಡದಲ್ಲಿ. ನನ್ನ ಪುಸ್ತಕವೆಲ್ಲ ಇಂಗ್ಲಿಷು. ಹಾಗಾಗಿ ಅವನೇ ಒಂದು ಪದ್ಧತಿ ಮಾಡಿದ. ನಾನು ಜೋರಾಗಿ ಇಂಗ್ಲಿಷಿನಲ್ಲಿ ಓದಬೇಕು, ಆಮೇಲೆ ಕನ್ನಡದಲ್ಲಿ ಹೇಳಬೇಕು. ಅವನು ತಲೆಯಾಡಿಸಿದರೆ ಪುಸ್ತಕ ಮುಚ್ಚಬಹುದು.

ಓದುವುದೇನು ಮಹಾ! ಮೇಡಂ ದನಿಯಲ್ಲಿ ಒಂದು ಪುಟ, ಹೆಡ್‌ಮಾಸ್ಟರರ ಕೆಮ್ಮಿನ ಜೊತೆ ಇನ್ನೊಂದು, ಯಶವಂತಪುರದ ಬಸ್ ಕಂಡಕ್ಟರ್ ದನಿಯಲ್ಲಿ ಮತ್ತೊಂದು. ಅಡುಗೆಮನೆಯಲ್ಲಿ ಅವ್ವ ಸೆರಗು ಕಚ್ಚಿಕೊಂಡು ನಗುತ್ತಿದ್ದಳು. ನನ್ನ ಗಂಟಲಲ್ಲಿ ಇಡೀ ಊರು ಇತ್ತು, ತಲೆಯಲ್ಲಿ ಮಾತ್ರ ಯಾರೂ ಇರಲಿಲ್ಲ.

ಅವತ್ತು ಹೃದಯದ ಪಾಠ.

"ಕನ್ನಡ್ದಲ್ಲಿ ಯೋಳ್ಲಾ."

"ಹೃದಯಕ್ಕೆ ನಾಲ್ಕು ಕೋಣೆ ಅಪ್ಪಾ. ಒಂದ್ರಲ್ಲಿ ಒಳ್ಳೆ ರಕ್ತ, ಒಂದ್ರಲ್ಲಿ ಕೆಟ್ಟ ರಕ್ತ."

"ಮಿಕ್ಕಿದ್ದೆರಡು?"

ಗೇಟಿನ ಹೊರಗೆ ಹುಡುಗರು ಬ್ಯಾಟು ಕುಟ್ಟುತ್ತಿದ್ದರು. "ಅವೆರಡೂ ಖಾಲಿ. ವಯಸ್ಸಾದ್ಮೇಲೆ ಬೇಕಾಗುತ್ತೆ ಅಂತ."

ಅಪ್ಪ ಬಕೆಟ್ಟಿನಲ್ಲಿ ಕಾಲಾಡಿಸುವುದನ್ನು ನಿಲ್ಲಿಸಿದ. ಅವನೂ ಮಹಡಿ ಮೇಲೆ ಎರಡು ಕೋಣೆ ಕಟ್ಟಿಸಿ, ಮುಂದಕ್ಕಿರಲಿ ಎಂದು ಬೀಗ ಹಾಕಿದ್ದ. "ಕೇಳಿಸ್ತೇನೇ?" ಎಂದು ಅವ್ವನನ್ನು ಕೂಗಿದ. "ದ್ಯಾವ್ರೂ ನನ್ನಂಗೇ ಯೋಚ್ನೆ ಮಾಡವ್ನೆ!"

ತಲೆಯಾಡಿಸಿದ. ನಾನು ಓಡಿದೆ.

ಆ ಶನಿವಾರ ಶಾಲೆಯಲ್ಲಿ ಪೋಷಕರ ಸಭೆ. ಅಪ್ಪ ಶಿಫ್ಟ್ ಮುಗಿಸಿ ಯೂನಿಫಾರ್ಮಿನಲ್ಲೇ ಬಂದ. "ದಿನಾ ಪಕ್ದಲ್ಲೇ ಕೂತ್ಕತೀನಿ ಮೇಡಂ. ಪಾಠ ನಂಗೂ ಬಂದ್ಬುಟ್ಟೈತೆ" ಎಂದು ಹೃದಯದ ಪಾಠ ಒಪ್ಪಿಸಿಯೇಬಿಟ್ಟ. ನಾಲ್ಕು ಕೋಣೆ, ಎರಡು ಖಾಲಿ, ವಯಸ್ಸಾದ ಕಾಲಕ್ಕೆ. ಹಿಂದೆ ನಿಂತಿದ್ದ ಯಾರದೋ ತಾಯಿ ಫಕ್ಕನೆ ನಕ್ಕರು.

ಮೇಡಂ ನಗಲಿಲ್ಲ. ನನ್ನನ್ನು ನೋಡಿದರು. "ನಾಲ್ಕರಲ್ಲೂ ರಕ್ತ ಇರುತ್ತೆ ಸಾರ್. ಯಾವ್ದೂ ಖಾಲಿ ಇರಲ್ಲ."

ಅಪ್ಪನ ಕಿವಿ ಕೆಂಪಾಯಿತು. "ಉಡ್ಗ ಸರಿಯಾಗೇ ಯೋಳಿರ್ತಾನೆ ಮೇಡಂ. ಶಿಫ್ಟ್ ಮುಗ್ಸಿ ಬಂದಿರ್ತೀನಲ್ಲ, ನಾನೇ ತೂಕಡಿಸ್ಬುಟ್ಟಿರ್ತೀನಿ."

ಅವನು ಒಂದು ದಿನವೂ ತೂಕಡಿಸಿರಲಿಲ್ಲ.

ದಾರಿಯಲ್ಲಿ ನಗಿಸೋಣವೆಂದು ಮೇಡಂ ದನಿ ಮಾಡಿದೆ. ಅವನು ನಗಲಿಲ್ಲ, ಬೈಯಲೂ ಇಲ್ಲ. ಮನೆಗೆ ಬಂದು ಅದೇ ಕುರ್ಚಿ, ಅದೇ ಬಕೆಟ್.

"ಅಪ್ಪಾ, ಇವತ್ತು ಮಲ್ಕೋ. ನಾನೇ ಓದ್ಕೋತೀನಿ."

"ಮೇಡಂ ಕೂತ್ಕೊಳ್ಳಿ ಅಂದವ್ರೆ. ಓದು. ಆ ದನಿ ಈ ದನಿ ಬ್ಯಾಡ, ನಿನ್ ದನೀಲಿ ಓದು."

ನನ್ನ ದನಿ ಆಗ ಒಡೆಯುತ್ತಿತ್ತು. ಇಡೀ ಊರನ್ನು ಅಣಕಿಸಿದವನು ಅದನ್ನೊಂದನ್ನು ಎಲ್ಲರಿಂದ ಬಚ್ಚಿಟ್ಟಿದ್ದೆ. ಆ ಒಡಕು ದನಿಯಲ್ಲೇ ಓದಿ, ಕನ್ನಡದಲ್ಲಿ ಹೇಳತೊಡಗಿದೆ. ಕೋಣೆಗಳ ನಡುವೆ ಕದಗಳಿವೆ ಎಂದಾಗ ತಡೆದ.

"ಕದ ಯಾಕೆ?"

ಆ ಸಾಲು ಹುಡುಕಿ ಮತ್ತೆ ಓದಿದೆ. "ರಕ್ತ ಹಿಂದಕ್ಕೆ ಬರಬಾರ್ದು ಅಂತ."

"ಅಂಗನ್ನು ಮತ್ತೆ! ನಮ್ ಮಿಷನ್ನಲ್ಲೂ ಐತೆ. ಎಣ್ಣೆ ಮುಂದುಕ್ಕೇ ಓಗ್ಬೇಕು, ವಾಪಸ್ ಬಂದ್ರೆ ಪಂಪು ಕೆಟ್ಟೋಯ್ತದೆ."

ಆ ವರ್ಷ ಪಾಸಾದದ್ದು ಗಡಿಯಲ್ಲೇ. ಹೃದಯದ ಪ್ರಶ್ನೆಗೆ ಮಾತ್ರ ಪೂರ್ತಿ ಅಂಕ.

ಸಭೆಯ ಆ ಸಂಜೆ ಪಾಠ ಮುಗಿದಾಗ ಬಕೆಟ್ಟಿನ ನೀರು ಆರಿತ್ತು. ಅಪ್ಪನ ತಲೆ ಮೆಲ್ಲಗೆ ಕೆಳಗೆ ಬಂತು, ಮೇಲೆ ಹೋಯಿತು, ಮತ್ತೆ ಕೆಳಗೆ ಬಂತು. ತಲೆಯಾಡಿಸಿದನೋ, ನಿಜವಾಗಿಯೂ ತೂಕಡಿಸಿದನೋ ತಿಳಿಯಲಿಲ್ಲ. ಪುಸ್ತಕ ಮುಚ್ಚಲು ಮನಸ್ಸಾಗದೆ, ದನಿ ತಗ್ಗಿಸಿ ಮತ್ತೆ ಮೊದಲಿನಿಂದ ಓದಿದೆ.