ಎಲ್ಲಾರೂ ಎಸ್ ಸರ್

ಸಾಕಾಗಿ ಹೋಗಿತ್ರೀ ನನಗ. ನಾಗಪುರದ ನಮ್ಮ ಆಸ್ಪತ್ರೆಯೊಳಗ ಕಲಿಯೋ ಎಳೇ ಡಾಕ್ಟರ್‌ಗಳ ಸಲುವಾಗಿ ಒಂದು ಇ-ಮೇಲ್ ಗ್ರೂಪ್ ಮಾಡಿದ್ವಿ. ವಾರ್ಡಿನ ಕೇಸ್ ಇವರು ಬರೀಬೇಕು, ಮುಂಬೈಯ ಹಿರಿಯ ಪ್ರೊಫೆಸರೊಬ್ಬರು ಅಲ್ಲಿಂದ ಉತ್ತರ ಕೊಡಬೇಕು, ಆಮ್ಯಾಲೆ ಎಲ್ಲಾರೂ ಕೂಡಿ ವಾದಾ ಮಾಡಬೇಕು. ನಡಸೋ ಜವಾಬ್ದಾರಿ ನನ್ನ ಕೊರಳಿಗೆ ಬಿತ್ತು. ವಾದಾ ಎಲ್ಲೀದು? ಪ್ರೊಫೆಸರು ಒಂದು ಸಾಲು ಬರದ್ರ ಸಾಕು, ಕೆಳಗ ಸಾಲಾಗಿ 'ಎಸ್ ಸರ್', 'ಎಸ್ ಸರ್'. ಕೋಲೆಬಸವ ತಲಿ ಅಲ್ಲಾಡಿಸಿದಂಗ. ಅದನ್ನ ಓದಾಕ ದಿನಾ ಓಪಿಡಿ ಪೇಷಂಟ್‌ಗಳನ್ನ ನೋಡಿ ಮುಗಿಸಿ, ಆ ಹಾಳು ಡಯಲ್-ಅಪ್ ಇಂಟರ್ನೆಟ್ ಹತ್ತೋ ತನಕ ಕಾಯೋದು ನನ್ನ ಹಣೇಬರಹ.

ಮೇ ತಿಂಗಳು. ಉಮರೇಡ್ ಕಡೆ ಕಲ್ಲಿದ್ದಲ ಗಣಿಯ ಒಬ್ಬ ಕೂಲಿಯವನನ್ನ ತಂದು ಹಾಕಿದ್ರು. ಮೈ ಕೆಂಡ, ಎಚ್ಚರ ಅಷ್ಟಕ್ಕಷ್ಟ. ಕೇಸು ಗ್ರೂಪಿಗೆ ಹೋತು. 'ನಾಗಪುರ, ಅದೂ ಮೇ ತಿಂಗಳು. ಬಿಸಿಲು ಬಡದೈತಿ, ಮೈ ತಂಪು ಮಾಡ್ರಿ' ಅಂತ ಪ್ರೊಫೆಸರ ಉತ್ತರ ಬಂತು. ಎಲ್ಲಾರೂ ಎಸ್ ಸರ್.

ಮಧ್ಯಾಹ್ನ ಊಟಕ್ಕ ಕೂತಿದ್ದೆ, ವಾರ್ಡಿನಿಂದ ಫೋನ್. ಮೊದಲ ವರ್ಷದ ಹುಡುಗಿ, ಇಲ್ಲೇ ಕಾಮಠಿಯ ಮಿಲಿಟರಿ ಮನಿತನದಾಕಿ, ಮೂಲ ನಮ್ಮ ಕನ್ನಡದ ಕಡೆಯಾಕಿ. ಆಸ್ಪತ್ರೆಯೊಳಗ 'ಸರ್' ಅಂತ ಹಿಂದಿಯೊಳಗ ಮಾತಾಡಾಕಿ ಅವತ್ತು ಕನ್ನಡಕ್ಕ ಇಳಿದ್ಲು.

"ಕಾಕಾ, ಮುಂಬೈ ಸರ್‌ಗೆ ತಪ್ಪು ಅನ್ನಾಕ ಆಗಂಗಿಲ್ಲ, ಅದಕ್ಕ ನಿಮಗ ಹೇಳ್ತೀನಿ. ಆಂವನ ಕುತ್ತಿಗಿ ಸೆಟದೈತ್ರಿ, ಬಾಗವಲ್ದು. ಇದು ಬಿಸಿಲಲ್ರಿ, ಮಿದುಳಿನ ಪೊರೆಗೆ ಸೋಂಕು."

ತುತ್ತು ಅಲ್ಲೇ ಬಿಟ್ಟು ಓಡಿದೆ. ಕುತ್ತಿಗಿ ಮುಟ್ಟಿ ನೋಡಿದೆ. ಬರೋಬರ್ ಅಂದಿದ್ಲು. ಬೆನ್ನುಹುರಿ ನೀರು ತಗದು ಪರೀಕ್ಷಾಕ್ಕ ಕಳಿಸಿ ಔಷಧ ಶುರು ಮಾಡಿದ್ವಿ.

"ಈಗ ಇದನ್ನ ಗ್ರೂಪಿಗೆ ಬರಿ," ಅಂದೆ.

"ನಮ್ಮ ಪರೀಕ್ಷಾ ತಗೋಳಾಕ ಬರಾವ್ರೂ ಅವರ, ಕಾಕಾ. ಫೇಲ್ ಮಾಡಿದ್ರ? ನೀವ ಬರೀರಲ್ಲ."

ಸಿಟ್ಟು ನೆತ್ತಿಗೇರ್ತು ನನಗ. "ನಾ ಇನ್ನೆಷ್ಟು ದಿನ ಇರಾಂವ, ತಂಗಿ? ಎಲ್ಲೋ ಒಂದು ಹಳ್ಳಿ ದವಾಖಾನಿಯೊಳಗ ನೀನೊಬ್ಬಾಕಿನ ಇದ್ದಾಗ ಯಾವ ಕಾಕಾಗ ಫೋನ್ ಮಾಡ್ತಿ?"

ಕಣ್ಣು ಒರಸಿಕೊಂತ ಬರದ್ಲು. ಎರಡು ದಿನ ತಾಸಿಗೊಮ್ಮೆ ಡಯಲ್-ಅಪ್ ಹಚ್ಚಿ ಉತ್ತರ ಹುಡುಕಿದ್ಲು. ಅಷ್ಟರಾಗ ಉಮರೇಡಿನಾಂವ ಕಣ್ಣು ತೆರದು ಚಹಾ ಕೇಳಿದ್ದ. ಈಕಿಗೆ ಮಾತ್ರ ಒಂದು ಗುಟುಕು ಚಹಾನೂ ಇಳೀವಲ್ದು. ಪಾಪ, ಮಾರಿ ಬಾಡಿಹೋಗಿತ್ತು.

ಕಡೀಕ ಪ್ರೊಫೆಸರು ಬರದ್ರು: 'ಪೇಷಂಟ್‌ನ ನೀ ಮುಟ್ಟಿ ನೋಡಿದಿ, ನಾ ನೋಡಲಿಲ್ಲ. ತಪ್ಪು ನಂದು. ಇನ್ನ ಮ್ಯಾಲೆ ಯಾರೂ ನನಗ ಸುಮ್ಮಸುಮ್ಮನ ಎಸ್ ಸರ್ ಅನಬ್ಯಾಡ್ರಿ.'

ಅದರ ಕೆಳಗ ಮತ್ತ ಸಾಲಾಗಿ ಎಸ್ ಸರ್, ಎಸ್ ಸರ್. ಓದಿಕೊಂತ ಹೋದೆ. ಕಡೀ ಎಸ್ ಸರ್ ಆಕೀದು.