ಹಪ್ಪಳದ ಬಿಸಿಲು

ಮಣಿಪಾಲದ ನಮ್ಮ ವಸತಿ ಸಮುಚ್ಚಯದ ತಾರಸಿಗೆ ಸೋಲಾರ್ ಪ್ಯಾನೆಲ್ ಬಂದು ಎರಡು ವರ್ಷವಾಯಿತು. ಲಿಫ್ಟು, ನೀರಿನ ಪಂಪು, ಮೆಟ್ಟಿಲ ದೀಪ ಎಲ್ಲವೂ ಈಗ ಬಿಸಿಲಿನಿಂದಲೇ ನಡೆಯುತ್ತವೆ. ಮನೆಗೆ ಬಂದವರನ್ನು ಮೇಲೆ ಕರೆದುಕೊಂಡು ಹೋಗಿ ತೋರಿಸುತ್ತೇವೆ. ನಾನೂ ತೋರಿಸಿದ್ದೇನೆ. ಮೊದಲು ಅಲ್ಲಿ ಏನಿತ್ತು ಎಂದು ಯಾರೂ ಕೇಳುವುದಿಲ್ಲ. ನಾವೂ ಹೇಳುವುದಿಲ್ಲ.

ಮೊದಲು ಅಲ್ಲಿ ಹಪ್ಪಳವಿತ್ತು.

ಮೇಲಿನ ಮಹಡಿಯಲ್ಲಿ ಕೊಂಕಣಿ ಮಾತಾಡುವ ಕ್ರೈಸ್ತ ಹೆಂಗಸೊಬ್ಬರು ಬಾಡಿಗೆಗಿದ್ದರು. ನಾವೆಲ್ಲ ಅವರನ್ನು ಬಾಯಮ್ಮ ಎಂದು ಕರೆಯುತ್ತಿದ್ದೆವು. ಗಂಡ ತೀರಿಕೊಂಡ ಮೇಲೆ ಹಲಸಿನ ಹಪ್ಪಳವೇ ಅವರ ಹೊಟ್ಟೆಪಾಡು. ಹಿರಿಯಡ್ಕದಿಂದ ಬಲಿತ ಹಲಸಿನಕಾಯಿ ರಿಕ್ಷಾದಲ್ಲಿ ಬರುತ್ತಿತ್ತು. ಮುಂಜಾನೆ ಸೊಳೆ ಬಿಡಿಸಿ ಬೇಯಿಸಿ, ಉಪ್ಪು ಮೆಣಸು ಸೇರಿಸಿ ಕುಟ್ಟಿ, ಒತ್ತಿ, ಬಿಸಿಲೇರುವ ಹೊತ್ತಿಗೆ ಚಾಪೆಗೆ ಹಾಕಬೇಕು. ಮಧ್ಯಾಹ್ನ ಒಂದೊಂದನ್ನೂ ಮಗುಚಬೇಕು. ಎರಡು ದಿನ ಸರಿಯಾದ ಬಿಸಿಲು ಬೀಳದಿದ್ದರೆ ಹುಳಿ ವಾಸನೆ ಬರುತ್ತದೆ, ಆಮೇಲೆ ಬೂಷ್ಟು. ಮಳೆ ಹಿಡಿಯುವುದರೊಳಗೆ, ಏಪ್ರಿಲ್ ಮತ್ತು ಮೇಯಲ್ಲಿ, ವರ್ಷದ ಅನ್ನ ದುಡಿದು ಮುಗಿಸಬೇಕು. ತಾರಸಿಯ ಉದ್ದಕ್ಕೂ ಎಂಟು ಚಾಪೆಗಳು ಇರುತ್ತಿದ್ದವು. ಎಂಟೇ ಎಂದು ನಾನು ಖಚಿತವಾಗಿ ಹೇಳುತ್ತೇನೆ, ಏಕೆಂದರೆ ಬಟ್ಟೆ ಹಾಕಲು ಹೋಗುವಾಗ ಅವುಗಳ ನಡುವೆ ಕಾಲಿಡಲು ಜಾಗ ಹುಡುಕಿ ಗೊಣಗಿದವಳು ನಾನೇ.

ಪ್ಯಾನೆಲ್ ಹಾಕಿಸುವ ಸಭೆಗೆ ಮನೆಯ ಮಾಲೀಕರಿಗೆ ಮಾತ್ರ ಕರೆಯಿತ್ತು. ಬಾಡಿಗೆಯವರಿಗೆ ನಮ್ಮ ಸಂಘದಲ್ಲಿ ಮತವಿಲ್ಲ, ವಾಟ್ಸಾಪ್ ಗುಂಪಿನಲ್ಲೂ ಜಾಗವಿಲ್ಲ. ದುಬೈಯಲ್ಲಿ ಕೂತು ಐದು ವರ್ಷದಿಂದ ಈ ಕಡೆ ತಲೆ ಹಾಕದ ಮಾಲೀಕರು ಫೋನಿನಲ್ಲೇ ಕೈ ಎತ್ತಿದರು. ಹನ್ನೊಂದು ವರ್ಷದಿಂದ ಆ ತಾರಸಿಯ ಬಿಸಿಲನ್ನು ಪ್ರತಿ ಬೇಸಿಗೆಯಲ್ಲೂ ಬಳಸುತ್ತಿದ್ದವರಿಗೆ ಒಂದು ಮಾತು ಕೂಡ ಹೋಗಲಿಲ್ಲ. ಅವರಿಗೆ ವಿಷಯ ಗೊತ್ತಾದದ್ದು ಕಬ್ಬಿಣದ ಕಂಬಗಳು ಮೇಲೆ ಬಂದ ದಿನ. ಆಗ ನಾನು ಸಂಘದ ಕಾರ್ಯದರ್ಶಿಯ ಜೊತೆ ಲಿಫ್ಟಿನ ಹತ್ತಿರ ನಿಂತಿದ್ದೆ.

“ಎಂತ ಇದು, ಮೇಲೆ ಕಾಲಿಡಲಿಕ್ಕೆ ಜಾಗ ಇಲ್ಲ?” ಎಂದು ಕೇಳಿದರು ಬಾಯಮ್ಮ.

“ಕರೆಂಟಿಗೆ ಬಾಯಮ್ಮ. ಇನ್ನು ನೀವು ಬಿಸಿಲಿನ ಲಿಫ್ಟಿನಲ್ಲಿ ರಾಣಿಯ ಹಾಗೆ ಹೋಗಬಹುದು,” ಎಂದರು ಕಾರ್ಯದರ್ಶಿ.

“ಲಿಫ್ಟು ಇರಲಿ. ಚಾಪೆ ಎಲ್ಲಿ ಹಾಕುವುದು?”

“ಪ್ಯಾನೆಲಿನ ಅಡಿಯಲ್ಲಿ ಜಾಗ ಉಂಟಲ್ಲ. ಒಳ್ಳೆ ನೆರಳು.”

“ನೆರಳಲ್ಲಿ ಹಪ್ಪಳ ಒಣಗ್ತದಾ ಮಾರಾಯ್ರೆ? ಹಾಗಾದ್ರೆ ನಿಮ್ಮ ಪ್ಯಾನೆಲನ್ನೂ ನೆರಳಲ್ಲೇ ಇಡಿ, ನೋಡುವ.”

ಕಾರ್ಯದರ್ಶಿ ನಕ್ಕರು. “ಒಂದು ಡ್ರೈಯರ್ ತೆಗೊಳ್ಳಿ. ಈಗ ಎಲ್ಲ ಕಡೆ ಅದೇ.”

“ಬಿಸಿಲನ್ನು ನೀವು ಹಿಡಿದು ಕರೆಂಟು ಮಾಡುವುದು, ಆ ಕರೆಂಟಲ್ಲಿ ನಾನು ಪುನಃ ಬಿಸಿ ಮಾಡುವುದು. ಇಷ್ಟು ದಿವಸ ನಾನು ನೇರ ತೆಗೊಳ್ತಿದ್ದೆ ಅಲ್ವಾ?”

ಡ್ರೈಯರ್ ತಂದರೂ ಅದು ಓಡುವುದು ಅವರ ಮನೆಯ ಮೀಟರಿನಿಂದ, ತಾರಸಿಯ ಕರೆಂಟಿನಿಂದ ಅಲ್ಲ ಎಂಬುದನ್ನು ಕಾರ್ಯದರ್ಶಿ ಹೇಳಲಿಲ್ಲ.

ಕಲ್ಲಿದ್ದಲಿಗಿಂತ ಬಿಸಿಲು ಮೇಲು. ಅದರಲ್ಲಿ ನನಗೆ ಸಂಶಯವಿಲ್ಲ. ಕಾರ್ಕಳದ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಕಲಿಸುವ ನಾನು ಮಕ್ಕಳಿಗೆ ಅದನ್ನೇ ಹೇಳುತ್ತೇನೆ. ನನ್ನ ಸಿಟ್ಟು ಬೇರೆ ವಿಷಯಕ್ಕೆ. ಹೂಡೆ ಕಡಲತೀರದ ಮರಳಿನ ಮೇಲೆ ಮೀನು ಒಣಗಿಸುವವರು, ಅಂಗಳದಲ್ಲಿ ಕೊಬ್ಬರಿ ಹರಡುವವರು ಎಂದಿನಿಂದಲೋ ಬಿಸಿಲಿನಿಂದಲೇ ಬದುಕುತ್ತಿದ್ದಾರೆ. ಆದರೆ ಅದು ಮೀಟರಿನೊಳಗೆ ಹಾದು ಬರುವುದಿಲ್ಲವಾದ್ದರಿಂದ ಅದಕ್ಕೆ ಶಕ್ತಿ ಎಂಬ ಹೆಸರಿಲ್ಲ. ಆ ಕೆಲಸ ಮಾಡುವವರು ಹೆಚ್ಚಾಗಿ ಹೆಂಗಸರು. ಬಿಸಿಲನ್ನು ನಾವು ಈಗಷ್ಟೇ ಕಂಡುಹಿಡಿದೆವೆಂಬ ಹಾಗೆ ಬಂದು, ಅವರ ಚಾಪೆ ಮಡಚಿ, ಅದಕ್ಕೆ ಪ್ರಗತಿ ಎನ್ನುತ್ತೇವೆ.

ಆ ಬೇಸಿಗೆಯಲ್ಲಿ ಬಾಯಮ್ಮ ಪ್ಯಾನೆಲುಗಳ ಸಾಲಿನ ಮಧ್ಯೆ ಉಳಿದ ಓಣಿಯಲ್ಲಿ ಚಾಪೆ ಹಾಸಿ ನೋಡಿದರು. ಹತ್ತು ಗಂಟೆಗೆ ಬಂದ ಬಿಸಿಲು ಒಂದೂವರೆಗೆ ಹೋಗುತ್ತಿತ್ತು. ಬಿಸಿಲಿನ ಹಿಂದೆ ಚಾಪೆ ಎಳೆಯುತ್ತಾ ಅವರು ಬಗ್ಗಿಕೊಂಡೇ ಓಡಾಡುತ್ತಿದ್ದರು. ಅರ್ಧದಷ್ಟು ಹಪ್ಪಳ ಹುಳಿಯಾಯಿತು. ಒಂದು ಸಾಲನ್ನಾದರೂ ಬೇರೆ ಕಡೆ ಸರಿಸೋಣ ಎಂದು ನಾನು ಕಾರ್ಯದರ್ಶಿಯಲ್ಲಿ ಕೇಳಿದೆ. “ಬಾಡಿಗೆಯವರು ಇವತ್ತು ಇರ್ತಾರೆ, ನಾಳೆ ಹೋಗ್ತಾರೆ ಮೇಡಂ,” ಎಂದರು. ಮುಂದಿನ ಬೇಸಿಗೆಗೆ ಮೊದಲೇ ಬಾಯಮ್ಮ ಮನೆ ಖಾಲಿ ಮಾಡಿ ಕಾಪುವಿಗೆ ಹೋದರು.

ಇಷ್ಟನ್ನು ಬರೆಯುವ ಮೊದಲು, ನೆನಪನ್ನು ನಂಬಬಾರದೆಂದು ಹಳೆಯ ಡೈರಿ ತೆಗೆದೆ. ಆ ಮೊದಲ ಸಭೆಯಲ್ಲಿ ನಾನು ಎದ್ದು ನಿಂತು “ಹಪ್ಪಳ ಒಣಗಿಸುವವರ ಗತಿ ಏನು?” ಎಂದು ಕೇಳಿದ್ದೆ, ಯಾರೂ ಕಿವಿಗೊಡಲಿಲ್ಲ ಎಂಬುದು ನನ್ನ ನೆನಪು. ಗೆಳತಿಯರಿಗೂ ಹಾಗೆಯೇ ಹೇಳಿದ್ದೆ, ಹೇಳುವಾಗ ಸ್ವರವೂ ನಡುಗಿತ್ತು. ಡೈರಿಯಲ್ಲಿರುವುದು ಇಷ್ಟೇ: “ಸಭೆ ಬೇಗ ಮುಗಿಯಿತು. ನನ್ನ ಮಾತಿಗೆ ಚಪ್ಪಾಳೆ. ಪ್ಯಾನೆಲಿನ ಅರ್ಜಿ ನಾನೇ ತುಂಬಿಸಿದೆ.” ಡೈರಿಯೊಳಗೇ ಮಡಚಿಟ್ಟಿದ್ದ ಆ ಅರ್ಜಿಯ ಪ್ರತಿಯಲ್ಲಿ ತಾರಸಿಯ ಈಗಿನ ಬಳಕೆ ಏನೆಂದು ಕೇಳುವ ಒಂದು ಸಾಲಿತ್ತು. ಅಲ್ಲಿ ನಾನು “ಏನೂ ಇಲ್ಲ” ಎಂದು ಬರೆದಿದ್ದೆ. ಡೈರಿಯಲ್ಲಿ ಬಾಯಮ್ಮನ ಸುದ್ದಿಯೇ ಇಲ್ಲ. ಯಾವಾಗ ಆ ಪ್ರತಿಭಟನೆಯನ್ನು ಕಟ್ಟಿಕೊಂಡೆ, ಯಾರ ಎದುರು ಅದನ್ನು ಮೊದಲು ಹೇಳಿದೆ, ನನಗೆ ತಿಳಿಯದು. ಕಾರ್ಯದರ್ಶಿಯ ಮೇಲಿನ ಸಿಟ್ಟು ಇದರಿಂದ ಇಳಿಯಲಿಲ್ಲ. ಹೆಚ್ಚೇ ಆಯಿತು, ಆದರೆ ಅದರಲ್ಲಿ ಈಗ ನನಗೂ ಪಾಲಿದೆ.

ಈ ಮೇ ತಿಂಗಳಲ್ಲಿ ಕಾಪುವಿಗೆ ಹೋದೆ. ಸಣ್ಣ ಹೆಂಚಿನ ಮನೆ, ಮುಂದೆ ಗೇಣಗಲದ ಅಂಗಳ. ಪಕ್ಕದವರ ಮಾವಿನ ಮರದ ನೆರಳು ತಪ್ಪಿಸಿ ಮೂರೇ ಚಾಪೆ. ಕಡಲ ಗಾಳಿಗೆ ಮರಳು ಹಾರಿ ಬೀಳದಂತೆ ಹಳೆಯ ಸೊಳ್ಳೆಪರದೆ ಹೊದಿಸಿದ್ದರು. ಬಾಯಮ್ಮ ನನಗೆ ಸ್ಟೂಲು ಕೊಟ್ಟು, ತಾವು ಕುಕ್ಕರುಗಾಲಿನಲ್ಲಿ ಕೂತು ಹಪ್ಪಳ ಮಗುಚುತ್ತಾ ಹೋದರು.

“ಬಾಯಮ್ಮ, ಆ ಅರ್ಜಿ ಬರೆದದ್ದು ನಾನು,” ಎಂದೆ.

“ಗೊತ್ತುಂಟು ಟೀಚರೇ. ಕಂಬ ಬಂದ ಮೇಲೆ ನೋಟಿಸ್ ಬೋರ್ಡಿಗೆ ಅದರ ಪ್ರತಿ ಹಾಕಿದ್ರಲ್ಲ. ನನ್ನ ರೇಷನ್ ಕಾರ್ಡಿನ ಅರ್ಜಿಯೂ ನೀವೇ ಬರೆದದ್ದು. ಅಕ್ಷರ ಗುರ್ತ ಸಿಗುದಿಲ್ವಾ?”

“ಆವತ್ತೇ ಕೇಳಬೇಕಿತ್ತು ನೀವು.”

“ಎಂತ ಕೇಳುವುದು? ನೀವು ಏನೂ ಇಲ್ಲ ಅಂತ ಬರೆದ ಮೇಲೆ?”

ಅವರ ಸ್ವರದಲ್ಲಿ ಸಿಟ್ಟಿರಲಿಲ್ಲ. ಪರದೆ ಸರಿಪಡಿಸಿ ಎರಡನೇ ಚಾಪೆಗೆ ಹೋದರು. ಹೊರಡುವಾಗ, ಎಂದಿನಂತೆ ಎರಡು ಕಟ್ಟು ಹಪ್ಪಳ ಕೊಡಿ ಎಂದೆ. ಒಳಗೆ ಬೆಂಚಿನ ಮೇಲೆ ಬಾಳೆನಾರಿನಿಂದ ಕಟ್ಟಿಟ್ಟ ಕಟ್ಟುಗಳು ಕಾಣುತ್ತಿದ್ದವು.

“ಈ ಸಲ ಇಲ್ಲ ಟೀಚರೇ,” ಎಂದರು. “ಇರುವುದು ಅಷ್ಟೇ. ಎಲ್ಲ ಬೇರೆಯವರು ಮೊದಲೇ ಹೇಳಿಟ್ಟದ್ದು.”