ರೇಣವ್ವನ ಗಾಡಿಯ ಬಂಪರು

ನನಗ ಸಿಟ್ಟು ಭಾಳ್ರಿ. ಅದನ್ನ ಮೊದಲ ಹೇಳಿಬಿಡತೀನಿ, ಆಮ್ಯಾಲೆ ದಾದಾಸಾಬ ಹೇಳಲಿಲ್ಲ ಅನ್ನಬ್ಯಾಡ್ರಿ. ತಿಕೋಟಾದಾಗ ಅಥಣಿ ರಸ್ತೆದ ಬಾಜೂಕ ನನ್ನ ವೆಲ್ಡಿಂಗ್ ಅಂಗಡಿ ಐತಿ, ಇಪ್ಪತ್ತಾರು ವರ್ಷ ಆತು. ಗಿರಾಕಿ ಜಾಸ್ತಿ ಮಾತಾಡಿದ್ರ ಕೈಯಾಗಿನ ಹೋಲ್ಡರ್ ಒಗದು ಜಗಳಕ್ಕ ನಿಲ್ಲತೀನಿ. ನಿಮಗ ಕಬ್ಬಿಣ ಬೆಸಿಯಾಕ ಬರತೈತಿ, ಮಂದೀನ ಬೆಸಿಯಾಕ ಬರಂಗಿಲ್ಲ ಅಂತಾಳ ನನ್ನ ಹೆಂಡ್ತಿ ಮಾಸುಮಬಿ. ಇಂಥಾ ನಾನು ಒಬ್ಬ ಹೆಣ್ಮಗಳ ಮುಂದ ಬಾಯಿ ಮುಚ್ಚಿಗೊಂಡು ಕುಂತದ್ದು ಜನ್ಮದಾಗ ಒಮ್ಮಿ. ಆಕಿ ಬಿಜ್ಜರಗಿಯ ರೇಣವ್ವ.

ರೇಣವ್ವನ ತವರು ನಿಡೋಣಿ. ವಯಸ್ಸು ನಲವತ್ತರ ಮ್ಯಾಲೊಂದೆರಡು. ಗಂಡ ಸಿದ್ದರಾಮ ಎದಿನೋವು ಬಂದು ಸತ್ತು ಮೂರು ವರ್ಷ ಆಗಿತ್ತು. ಅವ ಬಿಟ್ಟುಹೋದದ್ದು ಎರಡೆಕರೆ ದ್ರಾಕ್ಷಿ, ಒಂದು ಹಳೇ ಪಿಕಪ್. ಗಾಡಿ ಮಾರತಾಳ ಅಂತ ಊರ ಮಂದಿ ಕಾದು ಕುಂತಿದ್ರು. ಆಕಿ ಗಾಡಿ ಹೊಡಿಯೂದು ಕಲ್ತು ಲೈಸೆನ್ಸ್ ತಗೊಂಡ್ಳು. ಸೆರಗು ಸೊಂಟಕ್ಕ ಸಿಗಿಸಿ ತಿಕೋಟಾ ಬಜಾರದಾಗ ಆಕಿ ಗಾಡಿ ರಿವರ್ಸ್ ತಗಿಯೂದು ನೋಡಾಕ ಗಂಡಸರು ಚಾ ಬಿಟ್ಟು ನಿಲ್ಲತಿದ್ರು. ನಾನೂ ನಿಂತೀನಿ, ಸುಳ್ಳ್ಯಾಕ ಹೇಳ್ಲಿ.

ಆಕಿ ಮೈದುನ ರಾಜರತ್ನ. ಆಕಿ ದ್ರಾಕ್ಷಿ ತ್ವಾಟ ಅವನ ಹೊಲದ ಹಿಂದ ಐತಿ, ಗಾಡಿ ಹೋಗಾಕ ಅವನ ಬದುವಿನ ಮ್ಯಾಲಿಂದ ಒಂದ ದಾರಿ. ಆ ದಾರಿ ಪಾಲುಪತ್ರದಾಗ ಬರದದ್ದು. ಅಣ್ಣ ಸತ್ತ ಮ್ಯಾಲೆ ಇವ, ಗಂಡಿಲ್ಲದಾಕಿಗೆ ಹೊಲ ಯಾಕ, ನನಗ ಬರದು ಕೊಡು ಅಂದ. ಆಕಿ ಒಲ್ಲೆ ಅಂದ್ಳು. ಅದ ವಾರದಾಗ ಜೆಸಿಬಿ ತರಿಸಿ ದಾರಿಗೆ ನಾಕು ಬಂಡೆಗಲ್ಲು ಹಾಕಿಸಿದ, ಒಂದೊಂದು ಎಮ್ಮಿಗರದಷ್ಟು ದೊಡ್ಡವು. ಕೇಳಾಕ ಹೋದ ರೇಣವ್ವಗ ಸಲಿಕಿಲೆ ಹೊಡದು ಎಡಗೈ ಎರಡು ಕಡೆ ಮುರದ. ಹಿರ್ಯಾರು ಕೂಡಿದ್ರು, ಕಲ್ಲು ಸರದ್ವು, ಎಂಟು ದಿನಕ್ಕ ಮತ್ತ ಬಂದು ಕುಂತ್ವು. ಹಿಂಗ ಮೂರು ಸಲ ಆತು. ಕಲ್ಲು ತಗಿಯಾಕ ಬಂದ ಇನ್ನೊಬ್ಬ ಜೆಸಿಬಿಯವನ ತಲಿ ಒಡದ ಮ್ಯಾಲೆ ಸುತ್ತ ಊರಾಗ ಯಾರೂ ಬರದಂಗಾದ್ರು. ಪೊಲೀಸಿಗೆ ಹೇಳಾಕ ಆ ಡ್ರೈವರಗ ಧೈರ್ಯ ಆಗಲಿಲ್ಲ.

ಫೆಬ್ರುವರಿ ತಿಂಗಳು, ಗೊಂಚಲು ಹಣ್ಣಾಗಿ ನಿಂತಿದ್ವು. ಹತ್ತು ದಿನದಾಗ ಕೊಯ್ದು ಒಣಗಾಕ ಹಾಕದಿದ್ರ ವರ್ಷದ ದುಡಿತ ಮಣ್ಣಪಾಲು. ದಾರಿ ಒಮ್ಮಿ ಹೋದ್ರ ಹೊಲ ಹೋತು, ಅದೂ ಆಕಿಗೆ ಗೊತ್ತು. ಗಾಡಿ ತಂದು ನನ್ನ ಅಂಗಡಿ ಮುಂದ ನಿಲ್ಲಿಸಿ, ಮುಂದಿನ ತಗಡಿನ ಬಂಪರಿಗೆ ಕಾಲಿಲೆ ಒದ್ದು, "ಇದನ್ನ ಕಿತ್ತ ಒಗಿ ಅಣ್ಣಾ. ಕಲ್ಲು ಜಗ್ಗೂವಂಥಾದ್ದು ಕಟ್ಟಿಕೊಡು" ಅಂದ್ಳು.

ನಾ ಹರಿಹಾಯ್ದೆ. ಗಾಡಿಯ ಮುಂದಿನ ಮಾರೀನ ಕಿತ್ತು ಬರತೈತಿ, ಆರ್‌ಟಿಓದವರು ಹಿಡಿತಾರ, ನನ್ನ ಹೆಸರು ಕೆಡತೈತಿ ಅಂತ ಒದರಿದೆ. ಆಕಿ ಎಲ್ಲಾ ಕೇಳಿದ್ಳು. ಕೇಳಿ, ಗಾಡಿ ಹಿಂದ ಗೋಣಿಚೀಲದಾಗ ಸುತ್ತಿದ್ದ ವಿಂಚ್, ಅಂದ್ರ ಹಗ್ಗ ಸುತ್ತಿಕೋತ ಭಾರ ಜಗ್ಗೂ ಮೋಟರ್, ತಗದು ನನ್ನ ಕಾಲ ಮುಂದ ಇಟ್ಳು. ಬಬಲೇಶ್ವರದ ಗ್ಯಾರೇಜಿನ್ಯಾಗ ಮುರಕ ಜೀಪಿನಿಂದ ಬಿಚ್ಚಿಸಿ ತಂದದ್ದು, ತಂತಿಹಗ್ಗ, ಕೊಕ್ಕಿ ಎಲ್ಲಾ ಸೇರಿ. ನಾ ಅದನ್ನ ತಿರುವಿ ನೋಡಿದೆ. ಮೋಟರ್ ಚಲೋ ಇತ್ತು. ನೋಡಿದ್ದ ನನ್ನ ತಪ್ಪು, ಕೈ ಕಡಿಯಾಕತ್ತಿತು.

ನಾಕು ದಿನ ಹಿಡಿತು. ಚೇಸಿಯ ಮುಂದಿನ ಎರಡೂ ತುದಿಗೆ ಹತ್ತು ಎಂಎಂ ಪ್ಲೇಟು, ಒಂದೊಂದಕ್ಕ ನಾಕು ಬೋಲ್ಟು. ಅದರ ಮ್ಯಾಲೆ ಅಡ್ಡ ದಪ್ಪನ ಕಬ್ಬಿಣದ ಚಾನಲ್, ನಡುವ ವಿಂಚ್ ಕೂಡ್ರಾಕ ಪೆಟಗಿ, ಮೂಲಿಗೊಂದು ಮುಮ್ಮೂಲಿ ಪಟ್ಟಿ. ಎರಡನೇ ದಿನ ಪೆಟಗಿ ಬೆಸದು ಮುಗಿಸಿ ಬೀಡಿ ಹಚ್ಚಿದ್ದೆ. ಆಕಿ ಘಣದ ಸುತ್ತಿಗಿ ಎತ್ತಿಗೊಂಡು ಬಂದು ಬೆಸಿಗಿ ಮ್ಯಾಲೆ ಹೊಡಿಯಾಕ ಹತ್ತಿದ್ಳು. ಒಂದೊಂದು ಪೆಟ್ಟಿಗೂ ರಾಜರತ್ನ, ರಾಜರತ್ನ ಅಂತ ಹಲ್ಲು ಕಡದು ಅನ್ನೂದು. ಮುರದ ಕೈ ನೆಟ್ಟಗ ಕೂಡಿರಲಿಲ್ಲ, ಆದ್ರೂ ಎಂಟನೇ ಪೆಟ್ಟಿಗೆ ಬೆಸಿಗಿ ಬಿಟ್ಟಿತು. ನನ್ನ ಸಿಟ್ಟು ನೆತ್ತಿಗೇರಿತು. ಕೈ ಎತ್ತಿದೆ ನೋಡ್ರಿ, ಹೆಂಗಸು ಅನ್ನೂ ಖಬರಿಲ್ಲದ. ಆಕಿ ಘಣ ಕೆಳಗಿಡಲಿಲ್ಲ, ಹಿಂದ ಸರಿಲಿಲ್ಲ, ನನ್ನ ಕೈ ಕಡೆ ನೋಡಿದ್ಳು ಅಷ್ಟ. ನನಗ ನಾಚಿಕಿ ಆತು. ಕುಂತು, ಗ್ರೈಂಡರ್ ಹಿಡದು, ಹಳೇ ಬೆಸಿಗಿ ತಿಕ್ಕಿ ತಗದು ಮತ್ತ ಮೂರು ಸುತ್ತು ಬೆಸದೆ. ಆಮ್ಯಾಲೆ ಇಪ್ಪತ್ತು ಪೆಟ್ಟು ಹಾಕಿದ್ರೂ ಅದು ಅಲ್ಲಾಡಲಿಲ್ಲ.

ಐದನೇ ದಿನ ಮುಂಜಾನೆ ಹತ್ತಕ್ಕ ದಾರಿಗೆ ಹೋದ್ವಿ. ನಾ ಕಲ್ಲಿಗೆ ಸರಪಳಿ ಬಿಗಿಯಾಂವ, ಆಕಿ ಗಾಡಿಯಾಗ. ವಿಂಚಿನ ಮೋಟರ್ ಕಾದು ನಿಂತಬಿಡತಿತ್ತು. ಅದಕ್ಕ ಹಗ್ಗ ಬಿಗಿ ಮಾಡಿ ವಿಂಚ್ ಲಾಕ್ ಹಾಕಿ, ಗಾಡಿ ರಿವರ್ಸ್ ತಗದು ಜಗ್ಗೂದು ಅಂತ ಮಾಡಿದ್ವಿ. ಸರಪಳಿ ಬಿಗದು ಬಾಜೂಕ ಸರದು "ಬಿಡು" ಅಂತ ನಾ ಒದರೂದು, ಆಕಿ ಗಾಡಿ ಬಿಡೂದು. ಎರಡು ಕಲ್ಲು ಹಂಗ ಉರುಳಿದ್ವು.

ಮೂರನೇ ಕಲ್ಲಿಗೆ ಸರಪಳಿ ಹಾಕಿ ಏಳೂದರಾಗ ರಾಜರತ್ನ ಕೈಯಾಗ ಕಬ್ಬಿಣದ ಹಾರಿ ಹಿಡದು ಬಂದ. ಬಂದು ಮೊದಲ ರೇಣವ್ವನ ಗಾಡಿಯ ಲೈಟು ಒಡದ. ಎರಡನೇ ಪೆಟ್ಟು ನನ್ನ ಬೆನ್ನಿಗೆ. ಉಸಿರು ಹೋತು. ನಾ ಬಿಟ್ಟೇನೇನು, ಕೈಯಾಗಿನ ಬೋಲ್ಟು ಬಿಗಿಯೂ ಪಾನಾ ಅವನ ಬಾಯಿಗೆ ಬೀಸಿದೆ, ರಕ್ತ ನನ್ನ ಮಾರಿಗೆ ಸಿಡೀತು. ಅವ ಹಾರಿ ಕೆಳಗ ಒಗದು ನನ್ನ ಕಾಲರ್ ಹಿಡದು ಕುತ್ತಿಗಿ ಹಿಚುಕಾಕ ಹತ್ತಿದ. ಅವ ಕಲ್ಲಿಗೂ ಗಾಡಿಗೂ ನಡುವ ಹಗ್ಗ ದಾಟಿ ನಿಂತಿದ್ದ, ನಾ ಹಗ್ಗದ ಬಾಜೂಕ. ಕಣ್ಣಿಗೆ ಕತ್ತಲಿ ಬಂತು. ನಾ ಜೀವ ಹೋದಂಗ ಒದರಿದೆ, "ಬಿಡು! ಬಿಡಲೇ!"

ನಮ್ಮ ಮಾತಿನ್ಯಾಗ ಬಿಡು ಅಂದ್ರ ಕೈ ಬಿಡು ಅಂತನೂ ಆಗತೈತಿ, ಗಾಡಿ ಬಿಡು ಅಂತನೂ ಆಗತೈತಿ. ಕಂಡಕ್ಟರ್ ಬಿಡ್ರಿ ಅಂದ್ರ ಬಸ್ಸು ಹೊಂಡತೈತಿ.

ಗಾಡಿ ಹಿಂದಕ್ಕ ಜಿಗೀತು. ಹಗ್ಗ ಗುಂಯ್ ಅಂತು. ಕಲ್ಲು ನೆಲದಿಂದ ಕಿತ್ತು ಉರುಳಿ ರಾಜರತ್ನನ ಕಾಲಿನ ಮ್ಯಾಲೆ, ಮೊಳಕಾಲ ಕೆಳಗ, ಕುಂತಿತು. ಎಲವು ಮುರದ ಸಪ್ಪಳ ನಾ ಕೇಳೀನಿ. ನನ್ನ ಕಾಲರ್ ಹರದು ಅವನ ಕೈಯಾಗ ಉಳೀತು. ನಾ ನೆಲಕ್ಕ ಬಿದ್ದಾಂವ, ಅಲ್ಲಾ ಮಾಫ್ ಮಾಡಲಿ, ಮೊದಲ ಬಂಪರ್ ನೋಡಿದೆ, ಆಮ್ಯಾಲೆ ಮನಶ್ಯಾನ್ನ ನೋಡಿದೆ. ಬಂಪರ್ ಕೂದಲೆಳಿಯಷ್ಟೂ ಸರದಿರಲಿಲ್ಲ.

ಹಾರಿಲೆ ಕಲ್ಲು ಮೀಟಿ ಅವನ ಕಾಲು ಬಿಡಿಸಿದ್ವಿ. ಆಕಿ ತಾನ ಅವನ್ನ ಗಾಡಿಯಾಗ ಹಾಕ್ಕೊಂಡು ಬಿಜಾಪುರದ ದವಾಖಾನಿಗೆ ಹೊಡದ್ಳು. ದಾರಿ ಉದ್ದಕ್ಕ ಅವ ವೈನೀ, ವೈನೀ ಅಂತ ಅತ್ತಿಗೀನ ಕರಕೋತ ಅಳತಿದ್ದ. ಡಾಕ್ಟರು ಮೊಳಕಾಲ ಕೆಳಗ ಕಾಲು ತಗದ್ರು.

ಸಂಜಿಮುಂದ ದವಾಖಾನಿಗೆ ಪೊಲೀಸ್ ಫೌಜದಾರ ಬಂದ್ರು. ನಾ ಮುಂದ ಹೋಗಿ ಎಲ್ಲಾ ನನ್ನ ತಲಿಮ್ಯಾಲೆ ಹಾಕ್ಕೊಂಡೆ. ನಾ ಅವಗ ಬಿಡು ಅಂದದ್ದು ಈಕಿಗೆ ಗಾಡಿ ಬಿಡು ಅಂತ ಕೇಳಿಸೇತಿ, ಮುಂಜಾನಿಂದ ಹಂಗ ಒದರಾಕತ್ತಿದ್ದೆ ಸರ, ತಪ್ಪಿ ಆದದ್ದು ಅಂದೆ. ಅವರಿಗೂ ಮಾತು ಖರೇ ಅನಿಸ್ತು. ಬರಕೊಂಡು, ಹೌದಲ್ಲವ್ವಾ ಅಂತ ರೇಣವ್ವನ ಕೇಳಿದ್ರು.

"ಅಲ್ರಿ ಸರ" ಅಂದ್ಳು. "ಅಣ್ಣ ಅವಗ ಅಂದದ್ದು ನನಗ ನೆಟ್ಟಗ ಕೇಳಿಸೇತಿ. ತಿಳದ ಗಾಡಿ ಬಿಟ್ಟೀನಿ."

ನಾ ಆಕಿ ರಟ್ಟಿ ಹಿಡದು ಹೊರಗ ಎಳಕೊಂಡು ಬಂದು ಬಾಯಿಗೆ ಬಂದಂಗ ಬೈದೆ. ಹುಚ್ಚಿ, ಜೈಲಿಗೆ ಹೋಗತೀಯೇನು, ನನ್ನ ಮಾತಿಗೆ ಹೂಂ ಅಂದ್ರ ಮುಗೀತಿತ್ತು ಅಂದೆ. ನನಗ ಅಳು ಬಂದಿತ್ತು, ಹೇಳಾಕ ನಾಚಿಕಿಲ್ಲ.

"ಅಣ್ಣಾ, ನನ್ನ ಕೈ ಮುರದಾಗ ಹಿರ್ಯಾರ ಮುಂದ ಅವ ಸಲಿಕಿ ಜಾರೇತಿ ಅಂದ. ಕಲ್ಲು ಹಾಕಿಸಿದಾಗೆಲ್ಲ ಜೆಸಿಬಿಯವ ತಪ್ಪಿ ಹಾಕ್ಯಾನ ಅಂದ. ಎಲ್ಲಾರೂ ಹೌದು ಅಂದ್ರು. ಈಗ ನಾನೂ ತಪ್ಪಿ ಆತು ಅಂದ್ರ, ಕುಂಟಕೋತ ಬಂದು ಮತ್ತ ಕಲ್ಲು ಹಾಕಸ್ತಾನ. ತಿಳದ ಮಾಡ್ಯಾಳ ಅಂತ ಗೊತ್ತಾದ್ರ ಹಾಕಸಂಗಿಲ್ಲ."

ಹತ್ತೊಂಬತ್ತು ದಿನ ಜೈಲಿನ್ಯಾಗ ಇದ್ಳು. ಆಮ್ಯಾಲೆ ಜಾಮೀನು ಆತು, ಕೇಸು ಇನ್ನೂ ನಡದೈತಿ. ಆಕಿ ಒಳಗ ಹೋದ ಮರುದಿನ ಮುಂಜಾನೆ ನಾನೂ ಮಾಸುಮಬಿನೂ ದ್ರಾಕ್ಷಿ ಕೊಯ್ಸಾಕ ಹೋದ್ವಿ. ನಾಕನೇ ಕಲ್ಲು ನಾವು ಜಗ್ಗಬೇಕಾಗಲಿಲ್ಲ. ರಾಜರತ್ನನ ಹೆಂಡ್ತಿ ಆಳು ಹಚ್ಚಿ ಅದನ್ನ ಸರಿಸಿದ್ಳು. ತಾನು ದಾರಿಯಾಗ ಕುಂತು, ಗಾಡಿ ಗಾಲಿಗೆ ಚುಚ್ಚಬಾರದಂತ, ಸಣ್ಣ ಹಳ್ಳುಕಲ್ಲು ಸೈತ ಉಡಿಯಾಗ ಆರಿಸಿ ತುಂಬಿಕೊಳ್ಳಾಕತ್ತಿದ್ಳು.